ಉಪ್ಪುಕೆರೆಯ ಹದಿನೇಳನೇ ಬಾಟಲಿ

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಯಾರಾದರೂ ವಿಚಿತ್ರವನ್ನು ಕಣ್ಣಾರೆ ಕಂಡೆ ಎಂದರೆ, ಸರಿಯಾಗಿ ನೋಡಿಲ್ಲ ಎಂದುಕೊಳ್ಳುತ್ತಿದ್ದೆ. ಈಗ ನೀವು ನನ್ನ ಬಗ್ಗೆಯೂ ಹಾಗೆಯೇ ಅಂದುಕೊಂಡರೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಧರ್ಮಪುರದ ಆಚೆಗಿದ್ದ ಒಂದು ಉಪ್ಪುನೀರಿನ ಕೆರೆಯ ನೀರಿನಲ್ಲಿ, ತಳದ ಹೂಳಿನಲ್ಲಿ ಏನೇನು ಲವಣಗಳಿವೆ ಎಂಬುದು ನನ್ನ ಸಂಶೋಧನೆಯ ವಿಷಯ. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಳಿದು ದಡದ ತುಂಬ ಬಿಳಿ ಚೌಳು ಹೊಮ್ಮುತ್ತಿತ್ತು. ಬಟ್ಟೆ ಒಗೆಯಲು ಆ ಚೌಳುಮಣ್ಣನ್ನು ಕೆರೆದು ಒಯ್ಯುತ್ತಿದ್ದ ತಿಪ್ಪಕ್ಕಜ್ಜಿ ಒಂದು ಬೆಳಿಗ್ಗೆ ನನ್ನನ್ನು ಮಾತಾಡಿಸಿದರು.

“ಎಲ್ಲಾ ಕಡೆ ಒಂದೇ ಉಪ್ಪು. ಯಾಕಮ್ಮ ಇಷ್ಟೊಂದು ಬಾಟ್ಲಿ?”

“ಒಂದೇ ಅಲ್ಲ ಅಜ್ಜಿ, ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ. ಅದನ್ನೇ ನೋಡ್ತಿದೀನಿ.”

“ಹಂಗಾದ್ರೆ ಸೀನೀರು ಸಿಕ್ತೇನು? ಕೆರೆ ಮಧ್ಯೆ ಒಂದು ಒರತೆ ಐತೆ ಅಂತ ನಮ್ಮವ್ವ ಹೇಳೋಳು. ಚಿಕ್ಕೋಳಿದ್ದಾಗಿಂದ ಹುಡುಕ್ತಾನೇ ಇದೀನಿ. ಊರೋರು ನಗ್ತಾರೆ.”

ನಾನೂ ನಕ್ಕೆ. ಇಷ್ಟು ಕಡಿಮೆ ನೀರು ಗಾಳಿಗೆ ಕಲಕುತ್ತಲೇ ಇರುತ್ತದೆ. ನಡುವೆ ಒಂದು ಕಡೆ ಮಾತ್ರ ಸಿಹಿ ಉಳಿಯುವುದು ಹೇಗೆ? ಆದರೂ ಅಜ್ಜಿ ಸೀರೆ ಎತ್ತಿಕಟ್ಟಿ ನನ್ನ ಜೊತೆಗೇ ಇಳಿದರು. ಅಕ್ಕಪಕ್ಕದಲ್ಲಿ ಕಾಲು ಎಳೆಯುತ್ತಾ ನಡೆದೆವು. ಹದಿನಾರು ಬಾಟಲಿ ತುಂಬಿದ್ದಾಗಿತ್ತು. “ಇಲ್ಲೇ” ಎಂಬ ಮಾತು ಕೇಳಿತು. ಇಬ್ಬರೂ ನಿಂತೆವು.

ಹದಿನೇಳನೆಯದನ್ನು ತುಂಬಿ, ಒಂದಿಷ್ಟು ನೀರಿಗೆ ಉಪ್ಪನ್ನು ಪತ್ತೆಹಚ್ಚುವ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟೆ. ಈ ಕೆರೆಯ ನೀರು ಅದು ಬಿದ್ದೊಡನೆ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತಿತ್ತು. ಈಗ ಒಂದು ಮಬ್ಬು ಎಳೆ ಮಾತ್ರ ಎದ್ದಿತು. ಉಪ್ಪಿನಂಶ ಅಳೆಯುವ ಮೀಟರಿನಲ್ಲಿ ನೋಡಿದೆ: ಕುಡಿಯುವ ನೀರಿನ ಲೆಕ್ಕ. ಮೀಟರು ಕೆಟ್ಟಿರಬೇಕೆಂದು ತೊಳೆದು ಮತ್ತೆ ಹಿಡಿದೆ, ಅದೇ. ಎರಡು ಹೆಜ್ಜೆ ಆಚೆ ಹಿಡಿದರೆ ಕಡು ಉಪ್ಪು. ಹೂಳು ತೆಗೆಯುವ ಪೈಪನ್ನು ತಳಕ್ಕೆ ಒತ್ತಿ ಎಳೆದೆ. ಉಳಿದೆಡೆ ನಾರುವ ಕಪ್ಪು ಜೇಡಿ ಬರುತ್ತಿದ್ದ ಪೈಪಿನಲ್ಲಿ ತೊಳೆದಿಟ್ಟಂಥ ಮರಳಿತ್ತು.

ಅಜ್ಜಿ ಬೊಗಸೆಯಲ್ಲಿ ಮೊಗೆದು ಕುಡಿದರು. “ನಮ್ಮವ್ವ ಸುಳ್ಳು ಹೇಳಿರ್ಲಿಲ್ಲ ಕಣಮ್ಮ” ಎಂದು ಅಲ್ಲೇ ನಿಂತು ಅತ್ತುಬಿಟ್ಟರು. ನಾನೂ ಕುಡಿದೆ. ಸಿಹಿಯಾಗಿತ್ತು. ಗುರುತಿಗೆ ಒಂದು ಬಿದಿರು ಗಳ ನೆಟ್ಟು ಬಂದೆವು.

ಮರುದಿನ ಗಳ ನೆಟ್ಟಲ್ಲೇ ಇತ್ತು. ಅದರ ಬುಡದ ನೀರು ಉಪ್ಪು. ಪೈಪಿನಲ್ಲಿ ಕಪ್ಪು ಜೇಡಿ. ಸುತ್ತಲೂ ಹೆಜ್ಜೆ ಹೆಜ್ಜೆಗೂ ನೋಡಿದೆ, ಮಧ್ಯಾಹ್ನದವರೆಗೆ. ಕೊನೆಗೆ ದಡದಲ್ಲಿ ಕುಳಿತಿದ್ದ ಅಜ್ಜಿಯನ್ನೇ ಕೇಳಿದೆ:

“ನಿನ್ನೆ ಅದೇ ಜಾಗ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ನನಗೆಲ್ಲಿ ಗೊತ್ತಾಯ್ತು? ನೀನು ಇಲ್ಲೇ ಅಂದೆ, ಅದ್ಕೆ ನಿಂತೆ.”

“ಇಲ್ಲ ಅಜ್ಜಿ, ನೀವು ಅಂದ್ರಿ. ನಾನು ಬಾಯೇ ಬಿಟ್ಟಿಲ್ಲ.”

ಅಜ್ಜಿ ನನ್ನ ಮುಖವನ್ನೇ ದಿಟ್ಟಿಸಿದರು. ತಮಾಷೆ ಮಾಡುತ್ತಿರಲಿಲ್ಲ. ನಾನೂ ಮಾಡುತ್ತಿರಲಿಲ್ಲ. ಕೆರೆಯಲ್ಲಿ ನಾವಿಬ್ಬರೇ ಇದ್ದದ್ದು.

ಪ್ರಯೋಗಾಲಯದಲ್ಲೂ ಆ ಬಾಟಲಿಯ ನೀರು ಸಿಹಿಯೇ. ಉಳಿದುಕೊಂಡಿದ್ದ ಲಾಡ್ಜಿನ ನಲ್ಲಿ ನೀರನ್ನು ತಪ್ಪಿ ತುಂಬಿರುತ್ತೀಯ, ಪ್ರಬಂಧದ ಕೋಷ್ಟಕದಿಂದ ಆ ಸಾಲನ್ನು ಹೊಡೆದುಹಾಕು ಎಂದರು ನಮ್ಮ ಮಾರ್ಗದರ್ಶಕರು. ಹಾಗಾದರೆ ಮರಳು? ಎಂದು ಕೇಳಿದ್ದಕ್ಕೆ ಅವರು ಮುಂದಿನ ಪುಟ ತಿರುವಿದರು. ಪದವಿಗೆ ಕುತ್ತು ಬಂದೀತೆಂದು ಹೆದರಿದೆ. ಆದರೂ ಹೊಡೆದುಹಾಕಲು ಮನಸ್ಸು ಬರಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಸಾಲಿನ ಮೇಲೆ ಬೆರಳಿಟ್ಟರು. ಬೈಯುತ್ತಾರೆಂದುಕೊಂಡೆ. ಅವರು ಕುತೂಹಲದಿಂದ ಕೇಳಿದ್ದು ಒಂದೇ: “ಈ ಜಾಗವನ್ನು ಆರಿಸಿದ್ದು ಯಾರು?”

ಅಷ್ಟು ಸುಲಭದ ಪ್ರಶ್ನೆಯನ್ನು ಆ ದಿನ ಬೇರಾರೂ ಕೇಳಿರಲಿಲ್ಲ. “ಗೊತ್ತಿಲ್ಲ ಸರ್” ಎಂದೆ. ಪದವಿಯೇನೋ ಕೊಟ್ಟರು. ಉತ್ತರ ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.