ದೀಪ ತೊಳೆಯುವ ನೀರು

ಎಂಬತ್ತರ ದಶಕದಲ್ಲಿ ಬಿ.ಸಿ.ರೋಡು ಪೇಟೆಯಲ್ಲಿ ನನ್ನದು ಗಾಡಿಗಳ ವಯರಿಂಗ್ ಕೆಲಸ. ಗಲ್ಫಿನಿಂದ ಹಡಗಿನಲ್ಲಿ ಬಂದ ಕಾರುಗಳೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವುಗಳ ಒಂದು ವಯರು ಹುಡುಕಲು ಅರ್ಧ ದಿನ ಬೇಕು. ಮೂಡುಬಿದಿರೆ ಕಡೆಯ ಒಬ್ಬ ಹಿರಿಯ ಹೆಂಗಸು ಕರೆಸಿದಾಗಲೂ ಗೊಣಗಿಕೊಂಡೇ ಹೋದೆ.

ಅಂಗಳದಲ್ಲಿ ಟಾರ್ಪಾಲಿನ ಅಡಿ ಎಡಮಗ್ಗುಲು ಜಜ್ಜಿಹೋದ ಕಾರು ನಿಂತಿತ್ತು. ಗಲ್ಫಿನಿಂದ ರಜೆಗೆ ಬಂದಿದ್ದ ಅವರ ಮಗ ಒಂದು ಸಂಜೆ ಕತ್ತಲಾದ ಮೇಲೆ ಮಡಂತ್ಯಾರಿನಿಂದ ಬರುವಾಗ ಮಳೆಯಲ್ಲಿ ಮೋರಿಕಟ್ಟೆಗೆ ಗುದ್ದಿ ಸತ್ತಿದ್ದ. ಕುಡಿದಿದ್ದನೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ನಾನೂ ಹಾಗೇ ನಂಬಿದ್ದೆ.

"ನನ್ನ ಮಗ ಕುಡಿಯುವವನಲ್ಲ ಮಗಾ. ಎತ್ತಲಿಕ್ಕೆ ಹೋದವರು ದೀಪದ ಮೇಲೆಲ್ಲ ಕೆಸರಿತ್ತು ಅಂತಾರೆ. ಕೆಸರು ತೊಳೆಯಲಿಕ್ಕೆ ಈ ಗಾಡಿಯಲ್ಲಿ ನೀರು ಚಿಮ್ಮುವುದು ಉಂಟಲ್ಲ, ಅದು ಯಾಕೆ ಬರ್ಲಿಲ್ಲ? ನೋಡಿ ಹೇಳು."

ನನ್ನ ಬ್ಯಾಟರಿ ಕಟ್ಟಿ ಸ್ವಿಚ್ ಒತ್ತಿದೆ. ಫ್ಯೂಸ್ ಸರಿಯಿತ್ತು, ರಿಲೇ ಟಿಕ್ ಎಂದಿತು. ಟ್ಯಾಂಕಿಯ ತುಂಬ ನೀರು. ನೀರು ಚಿಮ್ಮಿಸುವ ಮೋಟರಿನ ಬಾಯಿಗೆ ಟೆಸ್ಟ್ ಲ್ಯಾಂಪ್ ಹಿಡಿದರೆ ಉರಿಯಿತು, ಮೋಟರು ಮಾತ್ರ ಅಲುಗಲಿಲ್ಲ. ಹಾಗಾದರೆ ಕರೆಂಟು ಬರುತ್ತಿದೆ, ವಾಪಸು ಹೋಗುವ ಅರ್ತ್ ದಾರಿ ಕಡಿದಿದೆ. ಬ್ಯಾಟರಿಯಿಂದ ಬೇರೆ ಅರ್ತ್ ವಯರು ಎಳೆದು ಮುಟ್ಟಿಸಿದ ಕೂಡಲೇ ಬಲಗಡೆಯ ದೀಪಕ್ಕೆ ನೀರು ರಪ್ಪನೆ ಬಡಿಯಿತು.

ಏಟು ಬೀಳದ ಬಲಮಗ್ಗುಲಲ್ಲೇ ಅರ್ತಿನ ಬೋಲ್ಟಿತ್ತು. ವಯರು ಅದರಿಂದ ಕಿತ್ತುಬಂದು ಮುಂದಿನ ಜಾಲರಿಗೆ ಕಟ್ಟಿದ್ದ ಒಂದು ತೆಂಗಿನ ಹುರಿಯ ಗಂಟಿನೊಳಗೆ ಸಿಕ್ಕಿಕೊಂಡಿತ್ತು. ಹುರಿಯಲ್ಲಿ ಒಣಗಿದ ಗೊಂಡೆಹೂ. ಆಯುಧಪೂಜೆಯ ಮಾಲೆಯನ್ನು ನಮ್ಮ ಕಡೆ ಯಾರೂ ಕತ್ತರಿಸುವುದಿಲ್ಲ, ಅದು ತಾನಾಗಿ ಉದುರಬೇಕು. ಹುರಿಯನ್ನು ಬಿಡಿಸಿ ಮುಷ್ಟಿಯೊಳಗೆ ಮುಚ್ಚಿಕೊಂಡೆ. ಕಟ್ಟಿದವರು ಈ ಮನೆಯವರೇ ಇರಬೇಕೆಂದು ನನಗೆ ಹೆದರಿಕೆಯಾಗಿತ್ತು.

"ಅರ್ತ್ ಮೊದಲೇ ಬಿಟ್ಟಿತ್ತು ಅಮ್ಮ. ನಿಮ್ಮ ಮಗ ಎಷ್ಟು ಒತ್ತಿದರೂ ನೀರು ಬರ್ತಿರಲಿಲ್ಲ. ದಾರಿ ಕಂಡಿರಲಿಕ್ಕಿಲ್ಲ."

ಅವರು ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಕೇಳಿದರು, "ಕೈಯಲ್ಲಿ ಎಂತದು?"

ತೋರಿಸದೆ ವಿಧಿಯಿರಲಿಲ್ಲ. ಹುರಿಯನ್ನು ತೆಗೆದುಕೊಂಡು ತಿರುಗಿಸಿ ನೋಡಿದರು.

"ಇದನ್ನು ಕಟ್ಟಿದ್ದು ನಾನು. ಗಾಳಿಗೆ ಹಾರದ ಹಾಗೆ ಎಳೆದು ಕಟ್ಟಿದ್ದೆ."

"ಹಳೆ ವಯರು ಅಮ್ಮ, ಹೇಗೂ ಬಿಡ್ತಿತ್ತು," ಎಂದೆ. ಅದು ಅವರ ಕಿವಿಗೇ ಬೀಳಲಿಲ್ಲ.

"ಬಿ.ಸಿ.ರೋಡಿನಲ್ಲಿ ಎಲ್ಲರಿಗೂ ಹೇಳು, ಅವನು ಕುಡಿದಿರಲಿಲ್ಲ ಅಂತ. ಮಾಲೆ ಕಟ್ಟಿದ್ದು ತಾಯಿ ಅಂತಲೂ ಹೇಳು. ಅದನ್ನು ಬಿಟ್ಟು ಹೇಳಿದರೆ ಮಗನ ಹೆಸರು ಉಳಿಸಲಿಕ್ಕೆ ತಾಯಿ ಹೇಳಿಸಿದ್ದು ಅಂತಾರೆ, ಯಾರೂ ನಂಬುವುದಿಲ್ಲ."