ನಿನ್ನದೊಂದೇ ಮೂಗು

ಹೋದ ವಾರ ಕೆಲಸದ ಮೇಲೆ ನರಸಿಂಹರಾಜಪುರಕ್ಕೆ ಹೋಗಿದ್ದಾಗ ಭದ್ರಾ ಹಿನ್ನೀರಿನ ದಂಡೆಯಲ್ಲಿ ಒಂದು ಕ್ಯಾರವಾನ್ ನಿಂತಿತ್ತು. ಹಾಸಿಗೆ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಪ್ರವಾಸಿಗರ ಗಾಡಿ. ಟ್ಯಾಂಕ್ ಖಾಲಿ ಮಾಡಲು ಬಂದ ಲಾರಿಯವನು ಅದರ ಹೊಟ್ಟೆಯಡಿಗೆ ದಪ್ಪ ಪೈಪು ಸಿಕ್ಕಿಸಿ, ವಾಲ್ವು ತಿರುಗಿಸಿ, ಪಂಪು ಶುರು ಮಾಡಿದ. ಗಬ್ಬೆಂದು ವಾಸನೆ ಎದ್ದಿತು. ಪ್ರವಾಸಿಗರು ಮೂಗು ಮುಚ್ಚಿಕೊಂಡು ದೂರ ಸರಿದರು. ನಾನು ಅಲ್ಲೇ ನಿಂತೆ. ಒಂದು ಕಾಲದಲ್ಲಿ ಆ ವಾಸನೆಯ ಹಿಂದೆಯೇ ಬರುತ್ತಿದ್ದ ಇನ್ನೊಂದು ವಾಸನೆಗೆ ಕಾದೆನೇನೋ... ಬೇವಿನ ಸೋಪಿನದ್ದು.

ಕೊಪ್ಪದ ಹತ್ತಿರದ ಬಾಳಗಡಿಯಲ್ಲಿ ಕಾಲೇಜು ಓದುವಾಗ ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯಲ್ಲಿ ಒಬ್ಬರಿದ್ದರು, ಇಂಥದೇ ಲಾರಿ ಓಡಿಸುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ನರಸಿಂಹರಾಜಪುರಕ್ಕೆ ಕೊಟ್ಟಿದ್ದರು. ಕೊಪ್ಪ, ಶೃಂಗೇರಿ ಕಡೆಯ ಲಾಡ್ಜು, ಹಾಸ್ಟೆಲುಗಳ ಕಕ್ಕಸು ಗುಂಡಿ ಖಾಲಿ ಮಾಡಿ ಬಂದು, ಹಿತ್ತಲಲ್ಲಿ ಬೇವಿನ ಸೋಪು ತಿಕ್ಕಿ ತಿಕ್ಕಿ ಮಿಂದು ಜಗಲಿಗೆ ಕೂತರೆ ನಮ್ಮಿಬ್ಬರ ವಾದ ಶುರು.

ನಾನಾಗ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ತಿರುಗುತ್ತಿದ್ದೆ. ದೇವರು, ಶಕುನ, ಸರ್ಕಾರ, ಯಾವುದನ್ನೂ ಸುಮ್ಮನೆ ಒಪ್ಪುತ್ತಿರಲಿಲ್ಲ. ಹಾಗಾಗಿ ನನ್ನ ಕೋಣೆಗೆ ಯಾರೂ ಬರುತ್ತಿರಲಿಲ್ಲ. ಅವರ ಜಗಲಿಗೂ ಬರುತ್ತಿರಲಿಲ್ಲ, ಕಾರಣ ಬೇರೆ.

ಹೋಂಸ್ಟೇಗೆ ಬಂದ ಕ್ಯಾರವಾನ್ ಖಾಲಿ ಮಾಡಿದ ದಿನ ಅವರಿಗೆ ಭಾರೀ ಖುಷಿ.

"ಅದಕ್ಕೆ ಎರಡು ಟ್ಯಾಂಕು ಮಾರಾಯ. ಮೊದ್ಲು ಕಕ್ಕಸಿಂದು ಎಳೀಬೇಕು. ಆಮೇಲೆ ಸ್ನಾನದ ನೀರಿಂದು ಎಳೆದ್ರೆ ಪೈಪೂ ತೊಳ್ದು ಹೋಗ್ತದೆ. ನಮ್ಮದೇ ಕ್ರಮ! ಮೊದ್ಲು ಅದು, ಆಮೇಲೆ ಸ್ನಾನ."

"ಹಂಗಾದ್ರೆ ಮಡಿ ಗಾಡಿ ಅನ್ನಿ."

"ನಿನಗಿಂತ ಮಡಿ. ನೀನು ಮಿಂದು ಯಾವ ಕಾಲ ಆಯ್ತು?"

ಮಗಳಿಗೆ ಮಗುವಾಯಿತು. ನಾಮಕರಣದ ದಿನ ಬೆಳಿಗ್ಗೆ ಹೊಸ ಅಂಗಿ ತೊಟ್ಟು ನನ್ನ ಬಾಗಿಲಿಗೆ ಬಂದರು. ಮುಖದಲ್ಲಿ ನಗುವಿರಲಿಲ್ಲ.

"ಒಂಚೂರು ಮೂಸಿ ನೋಡಿ ಹೇಳು. ನನ್ನ ಮೂಗು ರಾಜೀನಾಮೆ ಕೊಟ್ಟಾಗಿದೆ, ಎಂತದೂ ಗೊತ್ತಾಗಲ್ಲ. ಕೂಸನ್ನ ಎತ್ಕೋಬೇಕು... ಮದುವೆ ದಿನ ಬೀಗರ ಕಡೆ ಒಬ್ಬರು ಸೆರಗು ಮೂಗಿಗೆ ಹಿಡ್ಕಂಡಿದ್ರು."

ಹತ್ತಿರ ಹೋಗಿ ಮೂಸಿದೆ. ಕೊರಳು, ಕಂಕುಳು, ಅಂಗೈ. ಬೇವಿನ ಸೋಪು, ತೆಂಗಿನೆಣ್ಣೆ, ಹೊಸ ಬಟ್ಟೆಯ ಗಂಜಿ. ಮತ್ತೇನೂ ಇರಲಿಲ್ಲ.

"ಎಂತದೂ ಇಲ್ಲ ಅಣ್ಣ."

"ಪಾಪ ಅಂತ ಹೇಳ್ತಿದೀಯ?"

"ನಾನು ಯಾರಿಗಾದ್ರೂ ಪಾಪ ಅಂತ ಮಾತಾಡಿದ್ದು ಕಂಡಿದೀರಾ?"

"ಅದೂ ಹೌದು. ಅದಕ್ಕೇ ನಿನ್ನ ಹತ್ರ ಬಂದಿದ್ದು" ಎಂದು ನಕ್ಕು ಬಸ್ಸಿಗೆ ಹೋದರು.

ಸಂಜೆ ಬಂದವರು ಅಂಗಿ ಬಿಚ್ಚದೆ ಜಗಲಿಯಲ್ಲಿ ಕೂತಿದ್ದರು.

"ಎತ್ಕೊಂಡ್ರಾ?"

"ತೊಟ್ಟಿಲು ಒಳಗಿತ್ತು. ನಾನು ಹೊರಗೆ ಜಗಲಿಲಿ ಕೂತಿದ್ದೆ."

"ಯಾರು ಬೇಡ ಅಂದ್ರು?"

"ಯಾರೂ ಎಂತದೂ ಅನ್ಲಿಲ್ಲ. ಮಗಳು ಎರಡು ಸಲ ಬಂದು ಕರೆದ್ಲು."

ನನಗೆ ಸಿಟ್ಟು ಬಂತು. ಬೇಡವೆಂದವರಿಲ್ಲ, ಮೂಸಿ ನೋಡಿ ಹೇಳಿದವನಿದ್ದಾನೆ, ಇನ್ನೆಂಥ ಸಾಕ್ಷಿ ಬೇಕಿತ್ತು ಎಂದು ವಾದಕ್ಕೆ ನಿಂತೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ನಿನ್ನದೊಂದೇ ಮೂಗು ಮಾರಾಯ... ಅಲ್ಲಿ ಅಷ್ಟು ಜನ."

 

ಓದು ಮುಗಿಸಿ ನಾನು ಕೋಣೆ ಬಿಟ್ಟೆ. ಕಳೆದ ಮಳೆಗಾಲದಲ್ಲಿ ಅವರು ತೀರಿಹೋದರೆಂಬ ಸುದ್ದಿ ಎಲ್ಲ ಮುಗಿದ ಮೇಲೆ ತಲುಪಿತು. ಆ ಮಗುವನ್ನು ಒಮ್ಮೆಯಾದರೂ ಎತ್ತಿಕೊಂಡರೋ ಇಲ್ಲವೋ... ನರಸಿಂಹರಾಜಪುರದಲ್ಲಿ ಮಗಳ ಮನೆ ಎಲ್ಲೆಂದು ತಿಳಿಯದು, ಕೇಳಲು ನನಗೆ ಬೇರೆ ಯಾರೂ ಗೊತ್ತಿಲ್ಲ.

ಹಿನ್ನೀರಿನ ದಂಡೆಯಲ್ಲಿ ಪಂಪು ನಿಂತಿತು. ಲಾರಿಯವನು ಪೈಪು ಸುತ್ತಿಕೊಂಡು ಹೋದ. ಪ್ರವಾಸಿಗರು ನಗುತ್ತ ಗಾಡಿ ಹತ್ತಿದರು. ನಾನು ಕೊಪ್ಪದ ಬಸ್ಸು ಹಿಡಿದೆ. ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ಬಸ್ಸೇ ಅರ್ಧ ಖಾಲಿಯಿತ್ತು, ಬೇರೆ ಕಾರಣ ಹುಡುಕುವ ಅಗತ್ಯವಿರಲಿಲ್ಲ. ಆದರೂ ಕಿಟಕಿಯ ಕಡೆ ತಿರುಗಿ ಅಂಗಿಯ ಕೊರಳುಪಟ್ಟಿ ಎಳೆದು ಮೂಸಿಕೊಂಡೆ. ಏನೂ ಇಲ್ಲ ಅನ್ನಿಸಿತು. ಇನ್ನೊಮ್ಮೆ ಮೂಸಿಕೊಂಡೆ.