ಎರಡು ಮನೆಯ ಅಳ್ಳು

ಪಂಚಮಿಗೆ ಇನ್ನೂ ನಾಲ್ಕು ದಿನ ಇತ್ತು. ನಾನು ಅಳ್ಳು ಹುರಿಯುತ್ತಿದ್ದೆ. ಹಿಂದಿನ ದಿನ ನೀರು ಚಿಮುಕಿಸಿ ಕಟ್ಟಿಟ್ಟ ಜೋಳವನ್ನು ಕಾದ ಬಾಣಲೆಗೆ ಹಾಕಿ, ಅರಿವೆ ಸುತ್ತಿದ ಕೋಲಿನಿಂದ ತಿರುವುತ್ತಲೇ ಇರಬೇಕು. ಕೈ ನಿಂತರೆ ಕಾಳು ಅರಳುವ ಬದಲು ಕರಕಾಗುತ್ತದೆ. ಹಾಗಾಗಿ ಸಂತಪುರದಿಂದ ತಮ್ಮನ ಫೋನು ಬಂದಾಗ ನಾನು ಏಳಲಿಲ್ಲ. ಮಗಳು ಅರ್ಧ ಹೆಣೆದ ಜಡೆಯಲ್ಲೇ ಓಡಿ ಬಂದು, ಸ್ಪೀಕರ್ ಹಚ್ಚಿ, ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು, ತನ್ನ ತಮ್ಮನ ಸಾಕ್ಸ್ ಹುಡುಕಲು ಹೋದಳು.

“ಅಕ್ಕಾ, ಏನ್ ಮಾಡ್ಲಿಕತ್ತಿ?”

“ಅಳ್ಳು ಹುರಿಲಿಕತ್ತೀನಿ. ನಿಮ್ಮನಿದೂ ಸೇರಿಸೇ. ನಾಡಿದ್ದು ಬರ್ತಿಯಲ್ಲ ಕರಿಲಿಕ್ಕ?”

ತಮ್ಮ ಅಂದ, “ಅದೇ ಹೇಳಬೇಕಂತ ಮಾಡ್ದೆ. ನಾಳಿಗಿ ಇಕಿ ಅಣ್ಣ ಮೆಹಕರದಿಂದ ಬರ್ಲಿಕತ್ತಾನ, ಹಬ್ಬಕ್ಕ ಕರಕೊಂಡು ಹೋಗ್ಲಿಕ್ಕ. ನನಗೂ ಬಾ ಅಂತಾನ. ಮನಿಗಿ ಕೀಲಿ ಬೀಳ್ತದ.”

ಅವನ ಹೆಂಡತಿ ಫೋನು ಕಸಿದುಕೊಂಡಳು. “ಅಕ್ಕಾ, ನೀವು ಬ್ಯಾಡ ಅಂದ್ರ ನಾ ಹೋಗಂಗಿಲ್ರಿ. ಅಣ್ಣಗ ಸಂಜಿತನಕ ಹೇಳಬೇಕು. ನೀವು ಹ್ಯಾಂಗ ಅಂತೀರಿ ಹಾಂಗ.”

‘ಹೋಗು’ ಎಂದು ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಲ್ಲಿ ಬಂದದ್ದು, “ಸಂಜಿಗಿ ಹೇಳ್ತೇನಿ.” ಅಷ್ಟರಲ್ಲಿ ಬಾಣಲೆಯ ಜೋಳ ಕರಕಾಗಿತ್ತು.

ನಮ್ಮ ಕಡೆ ಕೊಟ್ಟ ಹೆಣ್ಣು ಪಂಚಮಿಗೆ ತಾನಾಗಿ ತವರಿಗೆ ಹೋಗುವುದಿಲ್ಲ. ಅಣ್ಣನೋ ತಮ್ಮನೋ ಹೊಸ್ತಿಲಿಗೆ ಬಂದು ಕರೆಯಬೇಕು. ಅವ್ವ ಇದ್ದಾಗ ಸೊಸೆ ತನ್ನ ತವರಿಗೆ ಹೋದರೂ ನಮ್ಮ ಮನೆಗೆ ಕೀಲಿ ಬೀಳುತ್ತಿರಲಿಲ್ಲ, ಅವ್ವನೇ ಇರುತ್ತಿದ್ದಳು. ಆಮೇಲೆ ಅವ್ವ ಎರಡು ವರ್ಷ ಹಾಸಿಗೆ ಹಿಡಿದಳು. ಆ ಹಾಸಿಗೆ ತೊಳೆದದ್ದು ನಾನಲ್ಲ, ತಮ್ಮನ ಹೆಂಡತಿ. ಹೋದ ವರ್ಷ ಅವ್ವ ತೀರಿಕೊಂಡದ್ದಕ್ಕೆ ಹಬ್ಬವೇ ಇರಲಿಲ್ಲ. ಮೂರು ಪಂಚಮಿ ಅವಳು ತವರು ಕಂಡಿಲ್ಲ. ಇದೆಲ್ಲ ಗೊತ್ತಿದ್ದೂ ಸಂಜೆ ಎಂದೆ. ಅವ್ವ ಇಲ್ಲದ ಮೇಲೂ ನನಗೊಂದು ಕರೆ ಬರುತ್ತದೋ ಇಲ್ಲವೋ, ಅದೊಂದನ್ನೇ ನಾನು ಶ್ರಾವಣ ಹತ್ತಿದಾಗಿನಿಂದ ಕಾಯುತ್ತಿದ್ದೆ.

ಆಟೋದವ ಹಾರ್ನ್ ಹೊಡೆದ. ಮಗಳ ಇನ್ನೊಂದು ಜಡೆ, ಮಗನ ಮೂಗು, ಎರಡು ಡಬ್ಬಿ; ಒಂದಕ್ಕೆ ಉಪ್ಪಿನಕಾಯಿ ಹಾಕುವುದನ್ನು ಮರೆತೆ. ಯಜಮಾನರು ನಸುಕಿನ ರೈಲಿಗೇ ಭಾಲ್ಕಿಯ ಅರಿವೆ ಅಂಗಡಿಗೆ ಹೋಗಿದ್ದರು. ಬರುವುದು ಕತ್ತಲಾದ ಮೇಲೆ. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ನಳ ಬಂತು, ಕೊಡ ತುಂಬಿದೆ. ಸ್ನಾನ ಮಾಡಿ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತೆ. ಐದನೆಯ ದಿನಕ್ಕೆ ನೀರು ಕೊಟ್ಟೆಯಪ್ಪಾ, ಮಗನ ಕೆಮ್ಮು ಇಳಿಸಿದೆ, ಕರಕಾದದ್ದು ಒಂದೇ ಬಾಣಲೆ ಎಂದು ಶಿವನಿಗೆ ಹೇಳಿದೆ. ತಮ್ಮನ ಹೆಂಡತಿಯ ಮಾತು ಬರುವ ಮೊದಲೇ ಲಿಂಗವನ್ನು ಕೊರಳಿಗೆ ಹಾಕಿಕೊಂಡು ಎದ್ದೆ.

ಬಟ್ಟೆ ಒಣಹಾಕುವಾಗ ಪಕ್ಕದ ಮನೆಯ ಖಾಲಾ ಗೋಡೆಯಾಚೆಯಿಂದ ಕೂಗಿದರು.

“ಬೇಟಾ, ಅಳ್ಳಿನ ವಾಸನಿ ಬಂತು. ಭಾಯಿ ಯಾವಾಗ ಬರ್ತಾನ?”

“ನಾಡಿದ್ದು ಬರ್ತಾನ್ರಿ ಖಾಲಾ.”

“ಬರ್ಲಿ, ಅವನ ಜೋಡಿ ಝಗಡಾ ಅದ ನಂದು. ನಿಂಬಿಹಣ್ಣು ತರ್ತೇನಿ ಅಂದು ಹೋದವ ಮಾರಿ ತೋರ್ಸಿಲ್ಲ!”

ನಾನೂ ನಕ್ಕೆ. ಲಿಂಗಪೂಜೆ ಮಾಡಿ ಎದ್ದು ಒಂದು ತಾಸಾಗಿರಲಿಲ್ಲ, ಸುಳ್ಳು ಹೇಳಿದ್ದೆ.

ಸಂಜೆ ಸಾಲಿಯಿಂದ ಮಗನನ್ನು ಕರೆತರುವಾಗ ಬಸ್ ಸ್ಟ್ಯಾಂಡಿನ ಮುಂದೆ ಕಂಡಕ್ಟರ್ “ಸಂತಪುರ, ಔರಾದ” ಎಂದು ಕೂಗುತ್ತಿದ್ದ. ಮಗ ನನ್ನ ಸೆರಗು ಜಗ್ಗಿದ. “ಅವ್ವಾ, ನಮ್ಮ ಬಸ್ ಇದೇ ಅಲ್ಲ?” ಕಿಟಕಿಯ ಪಕ್ಕ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬಾಕೆ ಕುಳಿತಿದ್ದಳು. ಹೆಗಲಿಗೆ ಹೊಸ ಚೀಲ. ಪಕ್ಕದಲ್ಲಿದ್ದವನು ಅವಳ ಅಣ್ಣನೇ ಇರಬೇಕು. ಮೂಗು ಒಂದೇ ಥರ ಇತ್ತು. ತವರಿಗೆ ಹೊರಟ ಅವಳ ಮುಖ ನೋಡಿದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಫೋನು ಹಚ್ಚಿದೆ.

“ಹೋಗವ್ವಾ. ಆರಾಮಾಗಿ ಹೋಗಿ ಬಾ. ಮುಂಜಾನೇನೇ ಹೇಳಬೇಕಾಗಿತ್ತು.”

“ಅಕ್ಕಾ, ಸಿಟ್ಟಿಲ್ಲಲ್ರಿ?”

“ಅದ. ನಿನ್ನ ಮ್ಯಾಲಲ್ಲ. ಅವ್ವನ ಮ್ಯಾಲ, ಬಿಟ್ಟು ಹೋದ್ಳಲ್ಲ.”

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. “ನನಗೂ ಅದರಿ,” ಅಂದಳು.

ಈ ಸಲ ಸಂತಪುರಕ್ಕೆ ಹೋಗುವುದಿಲ್ಲ ಎಂದು ಮಗಳಿಗೆ ಹೇಳಿದೆ. ವಾರದ ಹಿಂದೆಯೇ ತುಂಬಿಟ್ಟಿದ್ದ ತನ್ನ ಚೀಲದಿಂದ ಲಂಗ ತೆಗೆದು ಅವಳು ಟ್ರಂಕಿನಲ್ಲಿಟ್ಟಳು. ಪಂಚಮಿಗೆ ನಾಗಪ್ಪನ ಕಲ್ಲಿಗೆ ಹಾಲೆರೆಯುವಾಗ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಎರೆಯುತ್ತೇವೆ. ಅವಳಿಗೆ ಅದು ನೆನಪಾಯಿತು.

“ಅಜ್ಜಿ ಪಾಲು ಇಲ್ಲೇ ಎರದ್ರ ನಡೀತದೇನ?”

“ನಡೀತದ.”

“ಮಾಮಂದು?”

“ಅವಂದೂ. ಅತ್ತಿದೂ.”

ಅವಳು ಬೆರಳಿನಲ್ಲಿ ಎಣಿಸುತ್ತ ಹೊರಗೆ ಹೋದಳು. ಬುಟ್ಟಿಯಲ್ಲಿ ಎರಡು ಮನೆಗಾಗುವಷ್ಟು ಅಳ್ಳು ಹಾಗೇ ಇತ್ತು. ಅರ್ಧ ಖಾಲಾಗೆ ಕೊಡಬಹುದು, ಮುಂಜಾನೆಯ ಸುಳ್ಳನ್ನೂ ಅವರ ಮುಂದೆ ಒಪ್ಪಿಕೊಳ್ಳಬಹುದು ಅನ್ನಿಸಿತು. ಮೊರ ತೆಗೆದುಕೊಂಡು, ಅರಳದೆ ಉಳಿದ ಕಾಳುಗಳನ್ನು ಕೇರಲು ಕುಳಿತೆ.